ಮೂಟೆಗಿಂತ ಮೊದಲು ಕುದುರೆಯನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕುದುರೆ ಸಾಕುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವ ದಾಣಿ ಒಳ್ಳೆಯದು? ನಾನು ಮರಳಿ ಕೇಳುತ್ತೇನೆ: ಹುಲ್ಲು ಎಷ್ಟು ಹಾಕುತ್ತಿದ್ದೀರಿ? ಅಲ್ಲಿ ಅನೇಕರು ತಡವರಿಸುತ್ತಾರೆ. ದಾಣಿಯ ಲೆಕ್ಕ ನಾಲಿಗೆಯ ತುದಿಯಲ್ಲಿರುತ್ತದೆ, ಹುಲ್ಲನ್ನು ತೂಗಿ ನೋಡಿದವರು ಕಡಿಮೆ.

ರಾತ್ರಿ ಲಾಯದ ಬಾಗಿಲಲ್ಲಿ ಒಂದು ಗಳಿಗೆ ಸುಮ್ಮನೆ ನಿಂತುಕೊಳ್ಳಿ. ಒಣಹುಲ್ಲು ಅಗಿಯುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿರುತ್ತದೆ. ಒಂದು ಕಿಲೋ ಒಣಹುಲ್ಲು ಮುಗಿಸಲು ಕುದುರೆಗೆ ಸುಮಾರು 40 ನಿಮಿಷ ಬೇಕು. ಅದೇ ಒಂದು ಕಿಲೋ ಓಟ್ಸ್ ಹತ್ತು ನಿಮಿಷದಲ್ಲಿ ಖಾಲಿ. ಈ ವ್ಯತ್ಯಾಸದಲ್ಲಿಯೇ ಕುದುರೆಯ ಆರೋಗ್ಯದ ಬಹುಪಾಲು ಅಡಗಿದೆ. ಕುದುರೆಗೆ ಜೊಲ್ಲು ಸುರಿಯುವುದು ಅಗಿಯುವಾಗ ಮಾತ್ರ, ಆದರೆ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ದಾಣಿ ತಿಂದು ಉಳಿದ ಹೊತ್ತು ಬರಿ ಗೋಡೆ ನೋಡುತ್ತಾ ನಿಂತ ಕುದುರೆಯ ಜಠರದಲ್ಲಿ ಹುಣ್ಣಾದರೆ ಅದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದ ಮೊದಲು ಹುಲ್ಲು. ದಿನವೊಂದಕ್ಕೆ ದೇಹತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಕಡಿಮೆಯಾಗದಷ್ಟು ಒಣ ಮೇವು ಬೇಕು. 500 ಕಿಲೋ ಕುದುರೆಗೆ ಅದು ಏಳೂವರೆ ಕಿಲೋ. ಒಣಹುಲ್ಲಿನಲ್ಲೂ ತುಸು ತೇವ ಇರುವುದರಿಂದ ತಕ್ಕಡಿಯಲ್ಲಿ ಒಂಬತ್ತು ಕಿಲೋದ ಹತ್ತಿರ ಇಟ್ಟುಕೊಳ್ಳಿ. ತೂಕ ಗೊತ್ತಿಲ್ಲವೇ? ಒಂದು ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಭುಜದ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,877ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಇದ್ದರೆ ಕುದುರೆ ಸುಮಾರು 450 ಕಿಲೋ.

ಇನ್ನು ಕಣ್ಣಿಗಿಂತ ಕೈಯನ್ನು ನಂಬಿ. ಚಳಿಗಾಲದ ದಟ್ಟ ರೋಮ ಕಣ್ಣನ್ನು ಸುಲಭವಾಗಿ ಮೋಸಗೊಳಿಸುತ್ತದೆ. ನಿಮ್ಮ ಕೈಯನ್ನು ಮುಷ್ಟಿ ಮಾಡಿ, ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ಪಕ್ಕೆಲುಬುಗಳು ಹಾಗೆ ಎದ್ದು ಸಿಕ್ಕಿದರೆ ಕುದುರೆ ಸೊರಗಿದೆ. ಮುಷ್ಟಿ ಬಿಚ್ಚಿ ಅಂಗೈಯನ್ನು ಮುಟ್ಟಿ ನೋಡಿ, ಪಕ್ಕೆ ಅಷ್ಟು ಮೆತ್ತಗಿದ್ದರೆ ಕೊಬ್ಬು ಹೆಚ್ಚು. ಚಾಚಿದ ಕೈಯ ಹಿಂಬದಿಯಂತೆ, ಕಣ್ಣಿಗೆ ಕಾಣದೆ ಬೆರಳಿಗೆ ಸಿಗುವ ಎಲುಬೇ ಸರಿಯಾದದ್ದು. ಹದಿನೈದು ದಿನಕ್ಕೊಮ್ಮೆ ಹೀಗೆ ಮುಟ್ಟಿ ನೋಡಿ ಬರೆದಿಡುವ ಅಭ್ಯಾಸ ನನ್ನದು.

ಸವಾರಿ ಹಗುರವಾಗಿದ್ದು ಮೈ ತುಂಬಿಕೊಂಡಿರುವ ಕುದುರೆಗೆ ಒಳ್ಳೆಯ ಹುಲ್ಲು, ಉಪ್ಪು, ಖನಿಜ ಮಿಶ್ರಣ, ನೀರು ಇದ್ದರೆ ಸಾಕು. ದಾಣಿ ಬೇಡವೇ ಬೇಡ. ಹೇಳಿದರೆ ಮಾಲೀಕರ ಮುಖ ಬಾಡುತ್ತದೆ. ಪ್ರೀತಿ ಇದ್ದವರಿಗೆ ಏನಾದರೂ ಸುರಿಯಬೇಕೆನಿಸುತ್ತದೆ, ಅದು ನನಗೂ ಗೊತ್ತು. ಆದರೆ ಹಾಲೂಡುವ ಹೆಣ್ಣು ಕುದುರೆಯ ಮಾತು ಬೇರೆ. ಮರಿ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದಕ್ಕೆ ಬೇಕಾದ ಶಕ್ತಿ ಮಾಮೂಲಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಬರಿ ಹುಲ್ಲಿನಿಂದ ಅದು ತುಂಬಿಬರುವುದಿಲ್ಲ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಎಂಬ ಹಸಿರು ಮೇವು, ಅದರ ಜೊತೆಗೆ ದಾಣಿ ಎರಡೂ ಬೇಕು. ದಿನವೂ ಬೆವರು ಹರಿಸಿ ದುಡಿಯುವ ಕುದುರೆಗೂ ದಾಣಿ ಬೇಕು.

ದಾಣಿಯ ವಿಷಯದಲ್ಲಿ ನಾನೇ ಮಾಡಿದ ತಪ್ಪನ್ನು ಹೇಳಬೇಕು. ಒಮ್ಮೆ ಓಟ್ಸ್ ಮುಗಿದಿತ್ತು. ಅದೇ ಡಬ್ಬದಲ್ಲಿ ಅಷ್ಟೇ ಅಳತೆ ಮೆಕ್ಕೆಜೋಳ ಹಾಕಿದೆ. ಡಬ್ಬ ಒಂದೇ ಆದರೂ ತೂಕ ಒಂದೇ ಅಲ್ಲ. ಮೆಕ್ಕೆಜೋಳ ಓಟ್ಸ್‌ಗಿಂತ ಮುಕ್ಕಾಲು ಪಾಲು ಹೆಚ್ಚು ತೂಗುತ್ತದೆ, ಪಿಷ್ಟವೂ ಅದರಲ್ಲಿ ಬಹಳ ಜಾಸ್ತಿ. ಆ ಪಿಷ್ಟ ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿದರೆ ಅಲ್ಲಿ ಹುಳಿಯೇಳುತ್ತದೆ, ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಮರುದಿನ ಮುಂಜಾನೆ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು, ಮತ್ತೆ ಮತ್ತೆ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತಿತ್ತು. ಕುದುರೆಗೆ ವಾಂತಿ ಮಾಡಲು ಬಾರದು, ಒಳಗೆ ಹೋದದ್ದು ಕರುಳನ್ನೇ ದಾಟಬೇಕು. ಹೊಟ್ಟೆಶೂಲೆ ಇಳಿಯಲು ಇಡೀ ದಿನ ಹಿಡಿಯಿತು. ಅದರ ಗೊರಸುಗಳಿಗೆ ಉರಿಯೂತ ತಗಲದೆ ಉಳಿದದ್ದು ನಮ್ಮ ಪುಣ್ಯ. ಅಂದಿನಿಂದ ನನ್ನ ಲಾಯದಲ್ಲಿ ತಕ್ಕಡಿ ಇದೆ. ಒಂದು ಹೊತ್ತಿಗೆ ಎರಡು ಕಿಲೋ ದಾಣಿ ಮೀರುವುದಿಲ್ಲ, ಹೊಸ ಮೇವು ಯಾವುದಾದರೂ ಹತ್ತು ಹದಿನಾಲ್ಕು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸೇರುತ್ತದೆ.

ಗೋಧಿ ಬೂಸಾ ಹಗುರ, ಹೊಟ್ಟೆಗೆ ಹಿತ ಎಂಬ ನಂಬಿಕೆ ಬಲವಾಗಿದೆ. ಆದರೆ ಅದರಲ್ಲಿ ರಂಜಕ ವಿಪರೀತ, ಸುಣ್ಣದ ಅಂಶ ತೀರಾ ಕಡಿಮೆ. ತಿಂಗಳುಗಟ್ಟಲೆ ಅದನ್ನೇ ಹೆಚ್ಚಾಗಿ ಕೊಟ್ಟರೆ ದೇಹ ಎಲುಬಿನಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ, ಮುಖದ ಮೂಳೆಗಳು ಊದಿಕೊಳ್ಳುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ದನಗಳಿಗೆ ಅಥವಾ ಕೋಳಿಗಳಿಗೆ ತಯಾರಿಸಿದ ಆಹಾರವನ್ನು ಕುದುರೆಗೆ ಹಾಕಲೇಬೇಡಿ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ದನಕ್ಕೆ ಅದು ಒಗ್ಗುತ್ತದೆ, ಕುದುರೆಯ ಹೃದಯದ ಸ್ನಾಯುವನ್ನು ಮಾತ್ರ ಹಾಳುಗೆಡವುತ್ತದೆ. ತೀರಾ ಕಡಿಮೆ ಪ್ರಮಾಣವೂ ಪ್ರಾಣ ತೆಗೆಯಬಲ್ಲದು, ಅದಕ್ಕೆ ಮದ್ದಿಲ್ಲ. ಎರಡು ಬಗೆಯ ಮೂಟೆಗಳನ್ನು ಒಂದೇ ಕೋಣೆಯಲ್ಲಿ ಇಡುವುದೂ ಬೇಡ. ಬೂಷ್ಟು ಹಿಡಿದ ಮೆಕ್ಕೆಜೋಳವೂ ಅಷ್ಟೇ ಅಪಾಯ, ಅದರ ವಿಷ ಮಿದುಳಿಗೇರುತ್ತದೆ.

ಮುದಿ ಕುದುರೆ ದಾಣಿ ತಿಂದೂ ಸೊರಗುತ್ತಿದ್ದರೆ ದಾಣಿ ಬದಲಿಸುವ ಮೊದಲು ನೆಲ ನೋಡಿ. ಅಗಿದು ಉಗುಳಿದ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿದ್ದರೆ ತೊಂದರೆ ಹಲ್ಲಿನಲ್ಲಿದೆ. ಪಶುವೈದ್ಯರಿಂದ ಹಲ್ಲನ್ನು ಅರದಿಂದ ಉಜ್ಜಿಸಿ. ಹಲ್ಲೇ ಸವೆದುಹೋಗಿದ್ದರೆ ಹುಲ್ಲಿನ ಗುಳಿಗೆಗಳನ್ನು ಬೆಚ್ಚಗಿನ ನೀರಿನಲ್ಲಿ ಗಂಜಿಯಾಗುವವರೆಗೆ ನೆನೆಸಿ, ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಿ. ನನ್ನ ಲಾಯದ ಹಿರಿಯ ಹೆಣ್ಣು ಕುದುರೆ ಈಗ ಹಾಗೆಯೇ ಉಣ್ಣುತ್ತದೆ. ಬಕೆಟ್ಟಿನ ತಳವನ್ನು ನೆಕ್ಕಿ, ತುಟಿಗೆ ಅಂಟಿದ ಹಸಿರನ್ನು ನನ್ನ ತೋಳಿಗೆ ಒರೆಸಿ, ಮುಂದಿನ ಹೊತ್ತಿಗೆ ಕಾಯುತ್ತದೆ.

ನಮಸ್ಕಾರ.