ಒಳ್ಳೆಯ ಕಂಪನಿಯ ಗುರುತು ಎಲ್ಲಿದೆ? ಸಾಕ್ಚಿಯಿಂದ ಬೆಂಗಳೂರಿನವರೆಗೆ

(ಪರದೆಯ ಮೇಲೆ: ಉಕ್ಕಿನ ಕುಲುಮೆಯ ಹಳೆಯ ಕಪ್ಪುಬಿಳುಪು ಚಿತ್ರ)

ನಮಸ್ಕಾರ. 1912ರಲ್ಲಿ, ಇಂದಿನ ಜಾರ್ಖಂಡ್‌ನ ಸಾಕ್ಚಿ ಎಂಬಲ್ಲಿ ಟಾಟಾ ಕಾರ್ಖಾನೆ ಮೊದಲ ಬಾರಿಗೆ ಉಕ್ಕನ್ನು ತಯಾರಿಸಿದ ವರ್ಷವೇ, ಅಲ್ಲಿನ ಕಾರ್ಮಿಕರಿಗೆ ದಿನಕ್ಕೆ 8 ಗಂಟೆಯ ಕೆಲಸ ಎಂಬ ನಿಯಮವೂ ಜಾರಿಗೆ ಬಂತು. ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ಕಾನೂನೇ ಅವಕಾಶ ಕೊಟ್ಟಿದ್ದ ಕಾಲ ಅದು. ವಾರಕ್ಕೆ 48 ಗಂಟೆಯ ಮಿತಿ ಕಾನೂನಿನಲ್ಲಿ ಸೇರಲು 1940ರ ದಶಕದವರೆಗೆ ಕಾಯಬೇಕಾಯಿತು. ಭವಿಷ್ಯ ನಿಧಿಯ, ಅಂದರೆ ಪಿಎಫ್‌ನ ವಿಷಯದಲ್ಲಿಯೂ ಹೀಗೆಯೇ: ಆ ಕಾರ್ಖಾನೆಯಲ್ಲಿ ಅದು ಆರಂಭವಾದದ್ದು 1920ರಲ್ಲಿ, ದೇಶಕ್ಕೆ ಕಾಯ್ದೆಯಾಗಿ ಬಂದದ್ದು 1952ರಲ್ಲಿ.

ಕಾನೂನು ಕೇಳುವ ಮೊದಲೇ ಕೊಡುವ ಕಂಪನಿ ಒಳ್ಳೆಯದು ಎಂದು ಇಲ್ಲಿಗೇ ತೀರ್ಮಾನಿಸಿಬಿಡಬಹುದಿತ್ತು. ಆದರೆ ಅದೇ ಊರು, ಜಮ್‌ಶೆಡ್‌ಪುರವೆಂಬ ಹೆಸರು ಪಡೆದ ಮೇಲೆ, 1920, 1922 ಮತ್ತು 1928ರಲ್ಲಿ ದೊಡ್ಡ ಮುಷ್ಕರಗಳನ್ನು ಕಂಡಿತು. 1928ರಲ್ಲಿ ಸುಭಾಷ್‌ಚಂದ್ರ ಬೋಸರು ಕಾರ್ಮಿಕ ಸಂಘದ ಅಧ್ಯಕ್ಷರಾಗಿ ಮಾತುಕತೆಯ ಮುಂಚೂಣಿಯಲ್ಲಿ ನಿಂತರು. ಹೆರಿಗೆ ಸೌಲಭ್ಯವೂ ಅಲ್ಲಿ ಶುರುವಾದದ್ದು ಅದೇ ವರ್ಷ. ಮಾಲೀಕರ ಸದ್ಬುದ್ಧಿಯೊಂದೇ ಸಾಲದು, ಕೆಲಸಗಾರರು ಭಯವಿಲ್ಲದೆ ಬಾಯಿಬಿಟ್ಟು ಕೇಳುವಂತಿರಬೇಕು ಎಂಬುದನ್ನು ನಾನು ಈ ಇತಿಹಾಸದಿಂದಲೇ ಅರಿತುಕೊಂಡೆ.

(ಪರದೆಯ ಮೇಲೆ: ಟೋಕಿಯೋದ ರಾತ್ರಿ, ದೀಪ ಆರದ ಕಚೇರಿ ಕಟ್ಟಡಗಳು)

ಕೇಳುವ ಧೈರ್ಯವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನನ್ನು ನೋಡಬೇಕು. ಅತಿಯಾದ ದುಡಿಮೆಯಿಂದ ಬರುವ ಸಾವಿಗೆ ಅಲ್ಲಿ ‘ಕರೋಶಿ’ ಎಂಬ ಪದವೇ ಹುಟ್ಟಿಕೊಂಡಿದೆ. ಸಂಬಳಸಹಿತ ರಜೆ ಕಾಗದದಲ್ಲಿ ಇತ್ತು. ಆದರೆ ಸಹೋದ್ಯೋಗಿಗಳಿಗೆ ಹೊರೆಯಾಗುತ್ತದೆಂಬ ಸಂಕೋಚದಿಂದ ಅನೇಕರು ಅದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಕೊನೆಗೆ, 10 ದಿನ ಅಥವಾ ಅದಕ್ಕಿಂತ ಹೆಚ್ಚು ವಾರ್ಷಿಕ ರಜೆ ಇರುವ ನೌಕರರು ಕನಿಷ್ಠ 5 ದಿನವಾದರೂ ರಜೆ ಪಡೆಯುವಂತೆ ನೋಡಿಕೊಳ್ಳುವ ಹೊಣೆಯನ್ನು 2019ರ ಏಪ್ರಿಲ್‌ನಿಂದ ಕಂಪನಿಗಳ ಮೇಲೆಯೇ ಹೊರಿಸಲಾಯಿತು. ನಿಮ್ಮ ಕಂಪನಿಯ ರಜೆಯ ನಿಯಮವನ್ನು ಓದುವುದಕ್ಕಿಂತ, ನಿಮ್ಮ ಮ್ಯಾನೇಜರ್ ಕಳೆದ ಬಾರಿ ಯಾವಾಗ ರಜೆ ಹಾಕಿದ್ದರು ಎಂದು ವಿಚಾರಿಸುವುದು ಹೆಚ್ಚು ಉಪಯುಕ್ತ.

(ಪರದೆಯ ಮೇಲೆ: ಬೆಂಗಳೂರು, ಹೊಸೂರು ರಸ್ತೆ)

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ತಂದಿದ್ದ ನಿಯಮ ಅವರನ್ನು ಕಂಗೆಡಿಸಿತ್ತು. ಎರಡನೆಯ ದಿನವೇ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಮಗಳ ಮದುವೆಗೋ ಮನೆಯವರ ಆಸ್ಪತ್ರೆಯ ಖರ್ಚಿಗೋ ಆಗಿಬರುವ ಹಣವೆಂದು ಪಿಎಫ್ ಅನ್ನು ನಂಬಿಕೊಂಡವರ ಪಾಲಿಗೆ, ಅದನ್ನು ಸಮಯಕ್ಕೆ ಸರಿಯಾಗಿ ಕಟ್ಟುವ ಕಂಪನಿಯೇ ಒಳ್ಳೆಯ ಕಂಪನಿ. ಸಂಬಳದಲ್ಲಿ ಕಡಿತವಾದ ಪಿಎಫ್ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಜಮೆಯಾಗಬೇಕು. ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದರೆ ಪ್ರತಿ ತಿಂಗಳ ಸಾಲೂ ಕಾಣುತ್ತದೆ. ನಡುವೆ ಎರಡು ತಿಂಗಳು ಖಾಲಿ ಇದ್ದರೆ, ಆ ಕಂಪನಿಗೆ ಯಾವ ಪ್ರಶಸ್ತಿ ಬಂದಿದ್ದರೂ ನಾನು ಅದನ್ನು ನಂಬುವುದಿಲ್ಲ.

ಇನ್ನು ಆಫರ್ ಲೆಟರ್. ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಮೊತ್ತದ ಕೆಳಗೆ ಬೆರಳಿಟ್ಟು ಒಂದೊಂದೇ ಸಾಲನ್ನು ಓದಿ. ಕಂಪನಿಯ ಪಾಲಿನ ಪಿಎಫ್, ಮುಂದೆಂದೋ ಸಿಗಬಹುದಾದ ಗ್ರಾಚ್ಯುಟಿ, ಗುರಿ ಮುಟ್ಟಿದರೆ ಮಾತ್ರ ಬರುವ ವೇರಿಯಬಲ್ ಪೇ, ಎಲ್ಲವೂ ಅದರಲ್ಲಿಯೇ ಸೇರಿರುತ್ತವೆ. ಪ್ರತಿ ತಿಂಗಳು ಕೈಗೆ ಬರುವುದು ಎಷ್ಟು ಎಂದು ಕೇಳಿದಾಗ ಮುಜುಗರಪಡದೆ ಲೆಕ್ಕ ಬರೆದು ಕೊಡುವವರು ಬೇರೆ ವಿಷಯಗಳಲ್ಲಿಯೂ ನೇರವಾಗಿರುತ್ತಾರೆಂದು ನನ್ನ ನಂಬಿಕೆ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು, ತಾಯಿಗೆ ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿಬರುವ ಹಕ್ಕೂ ಸಿಕ್ಕಿತು. ಆದ್ದರಿಂದ ಸಂದರ್ಶನದ ಕೊನೆಯಲ್ಲಿ, ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ, ನೀವು ಗಂಡಾಗಿರಲಿ ಹೆಣ್ಣಾಗಿರಲಿ, ಇದನ್ನು ಕೇಳಿ: ಕಳೆದ ವರ್ಷ ಹೆರಿಗೆ ರಜೆಗೆ ಹೋದವರಲ್ಲಿ ಎಷ್ಟು ಮಂದಿ ಮರಳಿ ಬಂದರು, ಮತ್ತು ಅವರಿಗೆ ಅದೇ ಕೆಲಸ ಸಿಕ್ಕಿತೇ?