ಪಟ್ಟಿ ಕೆಳಗೆ ಬೆಳೆಯಲಿ

ಕೇಳುಗರೇ, ನಮಸ್ಕಾರ.

ರೇಡಿಯೋದಲ್ಲಿ ತೋರಿಸಲು ಪರದೆ ಇಲ್ಲ. ಆದ್ದರಿಂದ ಗಣಕದಲ್ಲಿ ಪಟ್ಟಿ, ಲೆಕ್ಕ ಇಡಲು ಬಳಸುವ ಸ್ಪ್ರೆಡ್‌ಶೀಟ್ ಎಂಬ ಚೌಕಳಿ ಹಾಳೆಯನ್ನು ಮನಸ್ಸಿನಲ್ಲೇ ಹರವಿಕೊಳ್ಳಿ. ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಎ, ಬಿ, ಸಿ ಎಂಬ ಅಕ್ಷರಗಳು. ಎಡ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು. ಅಕ್ಷರದ ಕೆಳಗೆ ಇಳಿದು ಹೋಗುವುದು ಕಾಲಂ. ಅಂಕಿಯ ಪಕ್ಕ ಅಡ್ಡಕ್ಕೆ ಸಾಗುವುದು ಸಾಲು. ಎರಡೂ ಕೂಡುವ ಮನೆ ಸೆಲ್. ಎಕ್ಸೆಲ್ ಇರಲಿ, ಗೂಗಲ್ ಶೀಟ್ಸ್ ಇರಲಿ, ಲಿಬ್ರೆ ಆಫೀಸಿನ ಕ್ಯಾಲ್ಕ್ ಇರಲಿ, ಹಾಳೆ ಇಷ್ಟೇ.

ಈ ಹಾಳೆಯಲ್ಲಿ ಒಂದು ಪುಟ್ಟ ಗ್ರಂಥಾಲಯದ ಎರವಲು ಲೆಕ್ಕ ಇಡಬೇಕು ಅಂದುಕೊಳ್ಳೋಣ. ಯಾರು ಯಾವ ಪುಸ್ತಕ ಒಯ್ದರು, ಎಂದು ಒಯ್ದರು, ಎಂದು ಹಿಂದಿರುಗಿಸಿದರು. ಮೊದಲ ಸಲ ಕೂತವರು ಸಾಮಾನ್ಯವಾಗಿ ಸದಸ್ಯರೊಬ್ಬರಿಗೆ ಒಂದು ಸಾಲು ಕೊಡುತ್ತಾರೆ. ಹೆಸರಿನ ಪಕ್ಕದಲ್ಲಿ ‘ಪುಸ್ತಕ 1’, ಅದರ ತಾರೀಕು. ಅದರ ಪಕ್ಕ ‘ಪುಸ್ತಕ 2’, ಅದರ ತಾರೀಕು. ನಾನೂ ಹೀಗೇ ಶುರು ಮಾಡಿದವನು. ಕಾಗದದ ರಿಜಿಸ್ಟರಿನಲ್ಲಿ ಒಬ್ಬರಿಗೊಂದು ಪುಟ ಇಟ್ಟು ಅಭ್ಯಾಸವಾದ ಕೈಗೆ ಇದು ಸಹಜವಾಗಿಯೇ ಬರುತ್ತದೆ. ಆದರೆ ಕೆಲವೇ ತಿಂಗಳಲ್ಲಿ ಹಾಳೆ ಬಲಕ್ಕೆ ಬಲಕ್ಕೆ ಓಡುತ್ತದೆ. ಓದುವ ಹುಚ್ಚಿನವರೊಬ್ಬರಿಗಾಗಿ ನಲವತ್ತು ಕಾಲಂ ಬೇಕಾಗುತ್ತದೆ, ಉಳಿದವರ ಸಾಲುಗಳಲ್ಲಿ ಅವೆಲ್ಲ ಖಾಲಿ. ‘ಈ ತಿಂಗಳು ಎಷ್ಟು ಪುಸ್ತಕ ಹೊರಗೆ ಹೋದವು?’ ಎಂದು ಯಾರಾದರೂ ಕೇಳಿದರೆ, ಉತ್ತರ ಇಪ್ಪತ್ತು ಕಡೆ ಚದುರಿ ಬಿದ್ದಿರುತ್ತದೆ. ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಫಿಲ್ಟರ್ ಹಾಕಲು ಹೋದರೆ ಯಾವ ಕಾಲಮಿಗೆ ಹಾಕುವುದು?

ನಾನು ಇವತ್ತು ಹೇಳಲು ಬಂದಿರುವುದರ ತಿರುಳು ಇಲ್ಲೇ ಇದೆ. ಒಂದು ಸಾಲು ಎಂದರೆ ನಡೆದ ಒಂದು ಸಂಗತಿ. ಒಬ್ಬರು ಒಂದು ಪುಸ್ತಕ ಒಯ್ದರು ಎಂದರೆ ಒಂದು ಸಾಲು. ಅವರೇ ಮರುದಿನ ಇನ್ನೊಂದು ಒಯ್ದರೆ ಇನ್ನೊಂದು ಸಾಲು, ಹೆಸರನ್ನು ಮತ್ತೆ ಬರೆಯಬೇಕಾದರೂ ಸರಿ. ಕಾಲಂ ಎಂದರೆ ಆ ಸಂಗತಿಯ ಬಗ್ಗೆ ಕೇಳುವ ಒಂದು ಪ್ರಶ್ನೆ: ಯಾರು, ಯಾವುದು, ಎಂದು ಒಯ್ದದ್ದು, ಎಂದು ತಂದದ್ದು. ಪ್ರಶ್ನೆಗಳು ನಾಲ್ಕೇ ಆದರೆ ಕಾಲಮೂ ನಾಲ್ಕೇ. ವರ್ಷ ಕಳೆದರೂ ಅವು ನಾಲ್ಕಾಗಿಯೇ ಇರುತ್ತವೆ. ಪಟ್ಟಿ ಕೆಳಗೆ ಮಾತ್ರ ಬೆಳೆಯುತ್ತದೆ.

ಈ ತಂತ್ರಾಂಶಗಳನ್ನು ಕಟ್ಟಿದವರೂ ಕೆಳಗಡೆಗೇ ಹೆಚ್ಚು ಜಾಗ ಬಿಟ್ಟಿದ್ದಾರೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್-2 ಗಣಕಕ್ಕೆ ತಂದ, ಇಂಥದೇ ಹಾಳೆಯ ತಂತ್ರಾಂಶ ವಿಸಿಕ್ಯಾಲ್ಕ್‌ನಲ್ಲಿ 254 ಸಾಲು, 63 ಕಾಲಂ ಇದ್ದವು. ಎಕ್ಸೆಲ್‌ನ ಹಳೆಯ ಆವೃತ್ತಿಗಳಲ್ಲಿ ಬಹುಕಾಲ 65,536 ಸಾಲು, 256 ಕಾಲಂ. 2007ರ ಆವೃತ್ತಿಯಿಂದ ಈಚೆಗೆ 10,48,576 ಸಾಲು, 16,384 ಕಾಲಂ. ಒಂದು ಕಾಲಮಿಗೆ ಅರವತ್ತನಾಲ್ಕು ಸಾಲಿನ ಪ್ರಮಾಣ ಅದು. ಗೂಗಲ್ ಶೀಟ್ಸ್ ಲೆಕ್ಕ ಹಾಕುವ ರೀತಿ ಬೇರೆ. ಅಲ್ಲಿ ಇಡೀ ಕಡತಕ್ಕೆ 1 ಕೋಟಿ ಸೆಲ್‌ಗಳ ಮಿತಿ, ಖಾಲಿ ಸೆಲ್‌ಗಳೂ ಅದರಲ್ಲಿ ಸೇರಿಯೇ. ಬಲಗಡೆ ಬಳಸದೆ ಬಿದ್ದಿರುವ ಕಾಲಂಗಳನ್ನು ಅಳಿಸಿದರೆ ಅಷ್ಟು ಜಾಗ ಉಳಿಯುತ್ತದೆ.

ಮಿತಿ ಮರೆತರೆ ಏನಾಗುತ್ತದೆ ಎನ್ನುವುದನ್ನು ಇಂಗ್ಲೆಂಡು 2020ರಲ್ಲಿ ಕಂಡಿತು. ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ನಮೂನೆಯ ಕಡತಕ್ಕೆ ತುಂಬಿಸುತ್ತಿದ್ದರು. ಸಾಲುಗಳ ಮಿತಿ ಮುಗಿದ ಮೇಲೆ ಬಂದದ್ದು ಒಳಗೆ ಸೇರಲೇ ಇಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋದವು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು. ದೊಡ್ಡ ಪಟ್ಟಿಯನ್ನು ಒಂದು ಕಡತದಿಂದ ಇನ್ನೊಂದಕ್ಕೆ ಸಾಗಿಸುವವರು ಕೊನೆಯ ಸಾಲಿನ ಅಂಕಿಯನ್ನು ಎರಡೂ ಕಡೆ ನೋಡಿ ತಾಳೆ ಹಾಕಲೇಬೇಕು. ಕಂಟ್ರೋಲ್ ಒತ್ತಿ ಹಿಡಿದು ಕೆಳಬಾಣದ ಕೀಲಿ ಒತ್ತಿದರೆ ಆ ಸಾಲಿಗೇ ಹೋಗಿ ನಿಲ್ಲುತ್ತದೆ, ಅರೆಗಳಿಗೆಯ ಕೆಲಸ.

ಆದರೆ ನಡುವೆ ಒಂದು ಸೆಲ್ ಖಾಲಿ ಇದ್ದರೂ ಆ ಬಾಣ ಅಲ್ಲೇ ನಿಂತುಬಿಡುತ್ತದೆ. ತಿಂಗಳು ಮುಗಿದಾಗ ಅಂದಕ್ಕೆಂದು ಒಂದು ಸಾಲು ಖಾಲಿ ಬಿಡುವವರಿದ್ದಾರೆ. ತಂತ್ರಾಂಶದ ಕಣ್ಣಿಗೆ ಪಟ್ಟಿ ಅಲ್ಲಿಗೇ ಮುಗಿಯಿತು. ಸಾರ್ಟ್ ಮಾಡಿದರೆ, ಅಂದರೆ ಹೆಸರಿನ ಪ್ರಕಾರವೋ ತಾರೀಕಿನ ಪ್ರಕಾರವೋ ಕ್ರಮವಾಗಿ ಜೋಡಿಸಲು ಹೋದರೆ, ಮೇಲಿನ ತುಂಡು ಮಾತ್ರ ಜೋಡಣೆಯಾಗುತ್ತದೆ, ಫಿಲ್ಟರ್ ಹಾಕಿದರೂ ಅಷ್ಟೇ. ಅಂತರ ಬೇಕಿದ್ದರೆ ಸಾಲಿನ ಎತ್ತರ ಹೆಚ್ಚಿಸಿ, ಇಲ್ಲವೇ ಬಣ್ಣ ತುಂಬಿ. ಸಾಲನ್ನು ಖಾಲಿ ಬಿಡಬೇಡಿ.

ಸಾರ್ಟ್ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ, ಯಾಕೆಂದರೆ ಅತಿ ದೊಡ್ಡ ನಷ್ಟ ಆಗುವುದು ಇಲ್ಲಿ. ಹಿಂದೊಮ್ಮೆ ನಾನು ಹೆಸರಿನ ಕಾಲಮನ್ನು ಮಾತ್ರ ಆರಿಸಿ ಅಕಾರಾದಿಯಾಗಿ ಜೋಡಿಸಿದೆ. ಹೆಸರುಗಳು ಸರಿದವು, ಪಕ್ಕದ ಫೋನ್ ನಂಬರುಗಳು ಇದ್ದಲ್ಲೇ ಉಳಿದವು. ನೋಡಲು ಪಟ್ಟಿ ಅಚ್ಚುಕಟ್ಟಾಗಿಯೇ ಇತ್ತು, ಒಂದು ನಂಬರೂ ಅದರ ಹೆಸರಿನ ಎದುರಿಗೆ ಇರಲಿಲ್ಲ. ಉಳಿಸಿ ಮುಚ್ಚಿದ ಮೇಲೆ ಗೊತ್ತಾದದ್ದರಿಂದ, ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್ ಝಡ್ ಕೂಡ ಕೈಗೆ ಬರಲಿಲ್ಲ. ಎರಡು ದಿನ ಕೂತು ಒಂದೊಂದಾಗಿ ಸರಿಪಡಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಎಕ್ಸೆಲ್ ಒಂದು ಪ್ರಶ್ನೆ ಕೇಳುತ್ತದೆ: ಆಯ್ಕೆಯನ್ನು ಪಕ್ಕದ ಕಾಲಂಗಳಿಗೂ ವಿಸ್ತರಿಸಲೇ? ಹೌದು ಎನ್ನಿ. ಅದಕ್ಕಿಂತ ಒಳ್ಳೆಯದು, ಕಾಲಮನ್ನು ಆರಿಸುವ ಗೋಜಿಗೇ ಹೋಗದೆ, ಪಟ್ಟಿಯೊಳಗಿನ ಒಂದು ಸೆಲ್ ಮೇಲೆ ಸುಮ್ಮನೆ ಕ್ಲಿಕ್ ಮಾಡಿ ಸಾರ್ಟ್ ಒತ್ತುವುದು.

ಅಂದಿನಿಂದ ನನ್ನ ಪ್ರತಿಯೊಂದು ಪಟ್ಟಿಯ ಮೊದಲ ಕಾಲಂ ಕ್ರಮಸಂಖ್ಯೆಯೇ. ಹೆಸರಿನ ಪ್ರಕಾರ, ತಾರೀಕಿನ ಪ್ರಕಾರ, ಹೇಗೆ ಬೇಕಾದರೂ ಕಲಸಿ ನೋಡಿ, ಕೊನೆಗೆ ಕ್ರಮಸಂಖ್ಯೆಯ ಮೇಲೆ ಸಾರ್ಟ್ ಮಾಡಿದರೆ ಪಟ್ಟಿ ಮೂಲ ಸ್ಥಿತಿಗೆ ಮರಳುತ್ತದೆ. ಆ ಸಂಖ್ಯೆಗಳು ಮಾತ್ರ ಸೂತ್ರದಿಂದ, ಅಂದರೆ ಗಣಕವೇ ಲೆಕ್ಕ ಹಾಕಲೆಂದು ಸೆಲ್ಲಿನಲ್ಲಿ ಬರೆದ ಆದೇಶದಿಂದ, ಬಂದವಾಗಿರಬಾರದು. ಸಾಲಿನ ಸ್ಥಾನ ನೋಡಿ ಅಂಕಿ ಕೊಡುವ ಸೂತ್ರ, ಸಾಲು ಸರಿದರೆ ಅಂಕಿಯನ್ನೂ ಬದಲಿಸಿಬಿಡುತ್ತದೆ. ಒಂದು, ಎರಡು ಎಂದು ಬರೆದು ಕೆಳಗೆ ಎಳೆದುಬಿಡಿ, ಸಾಕು.

ಸೆಲ್‌ಗಳನ್ನು ಕೂಡಿಸುವ ಮರ್ಜ್ ಗುಂಡಿಯನ್ನು ಪಟ್ಟಿಯೊಳಗೆ ಮುಟ್ಟಲೇಬೇಡಿ. ಒಬ್ಬರೇ ಐದು ಪುಸ್ತಕ ಒಯ್ದರೆಂದು ಅವರ ಹೆಸರಿನ ಐದು ಸೆಲ್‌ಗಳನ್ನು ಒಂದಾಗಿಸಿದರೆ, ಹೆಸರು ಉಳಿಯುವುದು ಮೊದಲ ಸಾಲಿನಲ್ಲಿ ಮಾತ್ರ, ಮಿಕ್ಕ ನಾಲ್ಕು ಸಾಲುಗಳಿಗೆ ಒಡೆಯರಿಲ್ಲ. ಸಾರ್ಟ್ ಕೂಡ ಹಟ ಹಿಡಿದು ನಿಲ್ಲುತ್ತದೆ.

ಇನ್ನು ಕೈಚಳಕದ ಮಾತು. ಶಿಫ್ಟ್ ಜೊತೆ ಸ್ಪೇಸ್ ಒತ್ತಿದರೆ ಇಡೀ ಸಾಲು ಆಯ್ಕೆಯಾಗುತ್ತದೆ, ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಇಡೀ ಕಾಲಂ. ಕನ್ನಡದಲ್ಲಿ ಬರೆಯುವವರು ಗಮನಿಸಿ, ಕೆಲವು ಗಣಕಗಳಲ್ಲಿ ಭಾಷೆ ಬದಲಿಸುವ ಕೀಲಿಯೂ ಇದೇ ಆಗಿರುತ್ತದೆ. ಆಗ ಕಾಲಮಿನ ನೆತ್ತಿಯ ಅಕ್ಷರದ ಮೇಲೆ ಕ್ಲಿಕ್ ಮಾಡಿದರಾಯಿತು. ಎಕ್ಸೆಲ್‌ನಲ್ಲಿ ಆಯ್ಕೆ ಮಾಡಿ ಕಂಟ್ರೋಲ್ ಪ್ಲಸ್ ಒತ್ತಿದರೆ ಹೊಸದು ಸೇರುತ್ತದೆ, ಕಂಟ್ರೋಲ್ ಮೈನಸ್ ಒತ್ತಿದರೆ ಇದ್ದದ್ದು ಅಳಿಯುತ್ತದೆ. ಹೊಸ ಸಾಲು ಆರಿಸಿದ್ದರ ಮೇಲೆ ಬರುತ್ತದೆ, ಹೊಸ ಕಾಲಂ ಎಡಕ್ಕೆ. ಮೂರು ಸಾಲು ಬೇಕೆಂದರೆ ಮೂರು ಸಾಲು ಆರಿಸಿ ಒಮ್ಮೆ ಒತ್ತಿ. ಕಾಲಮಿನ ಜಾಗ ಬದಲಿಸಲು ಕಟ್, ಪೇಸ್ಟ್ ಬೇಕಿಲ್ಲ: ಅದನ್ನು ಆರಿಸಿ, ಅಂಚು ಹಿಡಿದು, ಶಿಫ್ಟ್ ಒತ್ತಿಕೊಂಡೇ ಎಳೆಯಿರಿ. ಎರಡು ಕಾಲಂಗಳ ನಡುವೆ ಹೋಗಿ ಕೂರುತ್ತದೆ. ಶಿಫ್ಟ್ ಮರೆತರೆ ಅಲ್ಲಿದ್ದುದರ ಮೇಲೆಯೇ ಬೀಳುತ್ತದೆ. ಅಂಕಿಯ ಬದಲು ಜಾಲರಿಯಂಥ ಗುರುತುಗಳು ಸಾಲಾಗಿ ಕಂಡರೆ ಗಾಬರಿ ಬೇಡ. ಕಾಲಂ ಕಿರಿದಾಗಿದೆ ಅಷ್ಟೆ, ನೆತ್ತಿಯ ಬಲ ಅಂಚಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬೇಕಾದಷ್ಟು ಅಗಲವಾಗುತ್ತದೆ.

ಇನ್ನೂರನೆಯ ಸಾಲಿಗೆ ಇಳಿದಾಗ ಮೇಲಿನ ತಲೆಬರಹ ಕಣ್ಮರೆಯಾಗಿ, ಯಾವ ತಾರೀಕು ಒಯ್ದದ್ದು, ಯಾವುದು ತಂದದ್ದು ಎಂದು ತಿಳಿಯದೆ ಪೇಚಾಡುತ್ತೇವಲ್ಲ, ಅದಕ್ಕೆ ಮದ್ದು ಫ್ರೀಜ್. ಎಕ್ಸೆಲ್‌ನಲ್ಲಿ ಬಿ ಎರಡನೇ ಸೆಲ್ ಮೇಲೆ ನಿಂತು, ವ್ಯೂ ಮೆನುವಿನಲ್ಲಿ ಫ್ರೀಜ್ ಪೇನ್ಸ್ ಆರಿಸಿ. ಮೇಲಿನ ತಲೆಬರಹದ ಸಾಲೂ ಎಡಗಡೆಯ ಮೊದಲ ಕಾಲಮೂ ಕದಲದೆ ನಿಲ್ಲುತ್ತವೆ.

ಬೇಡದ ಸಾಲುಗಳನ್ನು ಹೈಡ್ ಮಾಡಿ ಮರೆಯುವುದು ಅಪಾಯದ ಅಭ್ಯಾಸ. ಕಣ್ಣಿಗೆ ಕಾಣದಿದ್ದರೂ ಅವು ಅಂಕಿಗಳನ್ನು ಕೂಡಿಸುವ ಸಮ್ ಸೂತ್ರದ ಮೊತ್ತದಲ್ಲಿ ಸೇರಿರುತ್ತವೆ. ಮುದ್ರಿಸಿದ ಹಾಳೆಯಲ್ಲಿ ಕಾಣುವ ಅಂಕಿಗಳನ್ನು ಯಾರಾದರೂ ಕೈಯಲ್ಲಿ ಕೂಡಿಸಿದರೆ ಲೆಕ್ಕ ತಾಳೆಯಾಗದು, ನಿಮ್ಮ ಮಾತನ್ನೇ ಅನುಮಾನಿಸುತ್ತಾರೆ. ಕಾಣುವ ಸಾಲುಗಳ ಮೊತ್ತವಷ್ಟೇ ಬೇಕಿದ್ದರೆ ಸಬ್‌ಟೋಟಲ್ ಎಂಬ ಸೂತ್ರವಿದೆ, ಅದರ ಮೊದಲ ಅಂಕಿ 109 ಎಂದಿರಲಿ. ಮರೆಮಾಡಲೇಬೇಕಾದರೆ ಗ್ರೂಪ್ ಮಾಡಿ. ಅಂಚಿನಲ್ಲಿ ಪ್ಲಸ್ ಗುರುತು ಉಳಿಯುವುದರಿಂದ, ಇಲ್ಲಿ ಏನೋ ಮಡಚಿಟ್ಟಿದೆ ಎಂದು ನೋಡಿದವರಿಗೆ ತಿಳಿಯುತ್ತದೆ.

ಸಾಲು ಅಳಿಸುವಾಗ ಪೂರ್ತಿ ಅಡ್ಡಕ್ಕೆ ಕಣ್ಣು ಹಾಯಿಸಿ. ಅಳಿಯುವುದು ಹಾಳೆಯ ಈ ತುದಿಯಿಂದ ಆ ತುದಿಯವರೆಗೆ. ಬಲಗಡೆ ದೂರದಲ್ಲಿ ಇನ್ನೊಂದು ಪುಟ್ಟ ಪಟ್ಟಿ ಇಟ್ಟಿದ್ದರೆ ಅದರದೂ ಒಂದು ಸಾಲು ಸದ್ದಿಲ್ಲದೆ ಹೋಗುತ್ತದೆ. ಅದಕ್ಕೇ ಒಂದು ಹಾಳೆಗೆ ಒಂದೇ ಪಟ್ಟಿ ಎನ್ನುವುದು. ಹೊಸ ಹಾಳೆಗೆ ಕೆಳಗಿನ ಪ್ಲಸ್ ಗುಂಡಿ ಇದ್ದೇ ಇದೆಯಲ್ಲ. ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಿ ಅದರ ಸಾಲಿನಿಂದ ಬೇಕಾದ ಮಾಹಿತಿ ತಂದುಕೊಡುವ ವೀ-ಲುಕಪ್ ಸೂತ್ರ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಆ ಸೂತ್ರ ‘ನಾಲ್ಕನೇ ಕಾಲಂ ತಾ’ ಎಂದು ಎಣಿಕೆಯಿಂದ ಕೇಳುತ್ತದೆ. ನಡುವೆ ನೀವೊಂದು ಕಾಲಂ ಸೇರಿಸಿದರೆ ಅದು ಎಣಿಸಿ ಬೇರೆಯದನ್ನೇ ತಂದುಕೊಡುತ್ತದೆ, ತಪ್ಪು ಎಂಬ ಸೂಚನೆಯೂ ಇಲ್ಲದೆ. ಎಕ್ಸ್‌ಲುಕಪ್ ಎಂಬ, ಇದೇ ಕೆಲಸದ ಹೊಸ ಸೂತ್ರ ಇದ್ದವರು ಅದನ್ನೇ ಬಳಸಿ. ಅದು ಕಾಲಮನ್ನೇ ಹಿಡಿದಿರುತ್ತದೆ, ಕಾಲಂ ಸರಿದರೆ ಜೊತೆಗೇ ಸರಿಯುತ್ತದೆ.

ಈಗಾಗಲೇ ಬಲಕ್ಕೆ ಬೆಳೆದ ಪಟ್ಟಿ ಕೈಯಲ್ಲಿರುವವರು ಏನು ಮಾಡಬೇಕು? ಮೊದಲು ಕಡತದ ನಕಲು ತೆಗೆದಿಡಿ. ಹೊಸ ಹಾಳೆಯಲ್ಲಿ ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ ಎಂದು ನಾಲ್ಕೇ ತಲೆಬರಹ ಬರೆಯಿರಿ. ಸದಸ್ಯರ ಹೆಸರುಗಳನ್ನು ‘ಪುಸ್ತಕ 1’ರ ಕಾಲಂಗಳ ಜೊತೆ ತಂದು ಅಂಟಿಸಿ. ಅದರ ಕೆಳಗೆ ಅದೇ ಹೆಸರುಗಳನ್ನು ‘ಪುಸ್ತಕ 2’ರ ಕಾಲಂಗಳ ಜೊತೆ. ಹೀಗೆ ಕೊನೆಯವರೆಗೆ. ಪುಸ್ತಕದ ಸೆಲ್ ಖಾಲಿ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ ಅಳಿಸಿ. ಬೇಸರದ ಕೆಲಸವೇ, ಆದರೆ ಒಮ್ಮೆ ಮಾಡುವಂಥದ್ದು. ಮುಗಿದ ಮೇಲೆ ‘ತಂದ ದಿನ’ ಕಾಲಮಿಗೆ ಫಿಲ್ಟರ್ ಹಾಕಿ ಖಾಲಿ ಇರುವುದನ್ನಷ್ಟೇ ಆರಿಸಿ ನೋಡಿ. ಇನ್ನೂ ಹಿಂದಿರುಗದ ಪುಸ್ತಕಗಳು, ಯಾರ ಬಳಿ ಇವೆ, ಎಂದಿನಿಂದ ಇವೆ ಎನ್ನುವುದರೊಂದಿಗೆ ಸಾಲಾಗಿ ಎದುರಿಗೆ ಬರುತ್ತವೆ.

ನಮಸ್ಕಾರ.