1,226 ಕೆಜಿ ರಾಶಿ ಅಡಿಕೆ ಎಲ್ಲಿಂದ ಬಂತು?

ನಮಸ್ಕಾರ. ಇದು ನಮ್ಮ ಮನೆಯ ಜಗಲಿ, ಶಿರಸಿ ಕಡೆಯ ಒಂದು ಹಳ್ಳಿ. ಅಡಿಕೆ ಗೊನೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಮುಗಿದಿದೆ. ಇವತ್ತು ಲೆಕ್ಕದ ದಿನ.

ಆ ನೀಲಿ ರಟ್ಟಿನ ಪುಸ್ತಕ ಅಪ್ಪಯ್ಯನದು. ಚೀಲ ತೂಗಿದ ದಿನ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಚಾಲಿಯೋ, ಎಷ್ಟು ಕೆಜಿ, ಯಾವ ದರ, ಎಲ್ಲ ಅದರಲ್ಲಿದೆ. ಅವರು ಓದಿ ಹೇಳುತ್ತಾರೆ, ನಾನು ಎಕ್ಸೆಲ್‌ಗೆ ಹಾಕುತ್ತೇನೆ. ಒಂದು ಚೀಲಕ್ಕೆ ಒಂದು ಸಾಲು. ಆಮೇಲೆ ಪಿವಟ್ ಟೇಬಲ್, ಅಂದರೆ ಸಾಲುಗಳನ್ನು ಗುಂಪು ಮಾಡಿ ಕೂಡಿಸಿ ತೋರಿಸುವ ಕೋಷ್ಟಕ, ಮಾಡಿದರೆ ಯಾವ ತಿಂಗಳು ಯಾವ ಅಡಿಕೆ ಎಷ್ಟು ಹೋಯಿತು ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಇದು ನನಗೆ ತುಂಬಾ ಇಷ್ಟದ ಕೆಲಸ.

ಈಗ ಸ್ಕ್ರೀನ್ ನೋಡಿ. ಫೆಬ್ರವರಿ, ರಾಶಿ, 1,226 ಕೆಜಿ. ಅಪ್ಪಯ್ಯ ಕನ್ನಡಕ ಸರಿ ಮಾಡಿಕೊಂಡರು. "ಹತ್ತೇ ಚೀಲ ಹೋಗಿದ್ದು. ಆರುನೂರೈವತ್ತರ ಮೇಲೆ ಇಲ್ಲ. ಅಲ್ಲೇ ತಿದ್ದು ಕೂಸೇ."

ಆ ಸೆಲ್ ಮೇಲೆ ಕ್ಲಿಕ್ ಮಾಡಿ 650 ಅಂತ ಟೈಪ್ ಮಾಡಿದೆ. ಪಿವಟ್ ಟೇಬಲ್‌ನ ಈ ಭಾಗ ಬದಲಿಸಲು ಆಗುವುದಿಲ್ಲ ಅಂತ ಎಕ್ಸೆಲ್ ಹೇಳಿತು. ಅಪ್ಪಯ್ಯನಿಗೆ ಬೇಜಾರಾಯಿತು. ಪುಸ್ತಕದಲ್ಲಾದರೆ ಒಂದು ಗೆರೆ ಎಳೆದು ಮೇಲೆ ಬರೆಯಬಹುದು, ಅಲ್ವಾ?

ಆದರೆ ಯೋಚನೆ ಮಾಡಿ. ಆ 1,226 ಅನ್ನೋದು ಯಾರೂ ಬರೆದ ಸಂಖ್ಯೆ ಅಲ್ಲ. ಹತ್ತು ಚೀಲ ಕೂಡಿಸಿ ಬಂದದ್ದು. ನಾನು ಅದನ್ನು 650 ಮಾಡಿಬಿಟ್ಟರೆ, ಜಾಸ್ತಿ ಆಗಿರುವ 576 ಕೆಜಿಯನ್ನು ಯಾವ ಚೀಲದಿಂದ ಕಳೆಯಬೇಕು? ಅದು ಎಕ್ಸೆಲ್‌ಗೆ ಗೊತ್ತಾಗುವುದಿಲ್ಲ. ನನಗೂ ಆ ಕ್ಷಣಕ್ಕೆ ಗೊತ್ತಿರಲಿಲ್ಲ.

ಹಾಗಾಗಿ ಆ ಸಂಖ್ಯೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ಹೊಸ ಶೀಟ್ ತೆರೆಯಿತು, ಅದರಲ್ಲಿ ಆ ಹತ್ತು ಸಾಲು ಮಾತ್ರ. 66, 65, 64, ಮತ್ತೆ ನೋಡಿ ಇಲ್ಲಿ, 640. ಒಂದು ಸೊನ್ನೆ ಜಾಸ್ತಿ ಬಿದ್ದಿದೆ.

ಇಲ್ಲೇ ತಿದ್ದಬೇಡಿ, ದಯವಿಟ್ಟು. ಈ ಶೀಟ್ ಬರೀ ನಕಲು. ಹೋದ ವರ್ಷ ನಾನು ನಕಲಿನಲ್ಲೇ ತಿದ್ದುತ್ತಾ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೆ. ಪಿವಟ್‌ನಲ್ಲಿ ಒಂದಂಕಿಯೂ ಬದಲಾಗಲಿಲ್ಲ. ತಾರೀಕು ನೋಡಿಕೊಂಡು ಮೂಲ ಶೀಟ್‌ಗೆ ಹೋಗಬೇಕು. ಹೋದೆ. 640 ಅಳಿಸಿ 64 ಹಾಕಿದೆ.

ವಾಪಸ್ ಬಂದರೆ ಇನ್ನೂ 1,226! ಪಿವಟ್ ಟೇಬಲ್ ಮೂಲ ಡೇಟಾದ ಒಂದು ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ನನ್ನ ಎಕ್ಸೆಲ್‌ನಲ್ಲಿ ಹೊಸದಾಗಿ ಓದು ಅಂತ ನಾವೇ ಹೇಳಬೇಕು. ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಒತ್ತಿ, ಇಲ್ಲವೇ ಆಲ್ಟ್ ಮತ್ತು ಎಫ್5. ಗೂಗಲ್ ಶೀಟ್ಸ್‌ನಲ್ಲಾದರೆ ಮೂಲ ತಿದ್ದಿದ ಕೂಡಲೇ ಪಿವಟ್ ತಾನಾಗಿಯೇ ಬದಲಾಗುತ್ತದೆ.

650. ಅಪ್ಪಯ್ಯನ ಮುಖ ನೋಡಿ!

ಡೇಟಾ ಒಂದು ಕಡೆ, ನೋಡುವ ರೀತಿ ಇನ್ನೊಂದು ಕಡೆ ಅನ್ನುವ ಈ ಯೋಚನೆ ಹಳೆಯದು. 1991ರಲ್ಲಿ ಬಂದ ಲೋಟಸ್ ಇಂಪ್ರಾವ್ ಅನ್ನುವ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲೇ ಇತ್ತು. ಎಕ್ಸೆಲ್‌ಗೆ ಪಿವಟ್ ಟೇಬಲ್ ಬಂದದ್ದು 1993ರಲ್ಲಿ, ಐದನೇ ಆವೃತ್ತಿಯಲ್ಲಿ.

ಇನ್ನೊಂದು ತೊಂದರೆ ನೋಡಿ. ಚಾಲಿ ಎರಡು ಸಾಲಾಗಿ ಬಂದಿದೆ. ಕಣ್ಣಿಗೆ ಎರಡೂ ಒಂದೇ. ಒಂದರ ಕೊನೆಯಲ್ಲಿ ಖಾಲಿ ಜಾಗ ಸೇರಿಕೊಂಡಿದೆ, ಸ್ಪೇಸ್ ಕೀ ತಾಗಿದ್ದು. ಸಂಖ್ಯೆಯ ಹಾಗಲ್ಲ, ಹೆಸರನ್ನು ಪಿವಟ್‌ನಲ್ಲೇ ಬದಲಿಸಲು ಎಕ್ಸೆಲ್ ಬಿಡುತ್ತದೆ. ನನಗೆ ಹೆಚ್ಚು ಭಯ ಇದರದ್ದೇ. ಅಲ್ಲಿ ಬರೆದ ಹೊಸ ಹೆಸರು ಆ ಪಿವಟ್‌ಗೆ ಮಾತ್ರ ಅಂಟಿಕೊಳ್ಳುತ್ತದೆ, ಮೂಲದಲ್ಲಿ ಹಳೆಯದೇ ಇರುತ್ತದೆ. ಆರು ತಿಂಗಳ ನಂತರ ಯಾವುದು ನಿಜ ಅಂತ ಯಾರಿಗೆ ನೆನಪಿರುತ್ತದೆ? ಪಿವಟ್‌ನಲ್ಲಿ ಆಗಲೇ ಇರುವ ಹೆಸರನ್ನು ಬರೆದರೂ ಎರಡು ಸಾಲು ಸೇರುವುದಿಲ್ಲ, ಸುಮ್ನೆ ಜಾಗ ಬದಲಾಗುತ್ತದೆ ಅಷ್ಟೆ. ಮೂಲ ಶೀಟ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ಸ್ಪೇಸ್ ಇರುವ ಚಾಲಿಯನ್ನು ಸ್ಪೇಸ್ ಇಲ್ಲದ ಚಾಲಿ ಮಾಡಿದೆ. ರಿಫ್ರೆಶ್. ಈಗ ಒಂದೇ ಸಾಲು.

ಮೂಲ ಡೇಟಾವನ್ನು ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿ, ಅದರ ಮೇಲೆ ಪಿವಟ್ ಮಾಡಿಕೊಳ್ಳಿ. ಕೆಳಗೆ ಹೊಸ ಚೀಲ ಸೇರಿಸಿ ರಿಫ್ರೆಶ್ ಮಾಡಿದಾಗ ಅದು ಬಿಟ್ಟುಹೋಗುವುದಿಲ್ಲ.

ಅಮ್ಮ ಊಟಕ್ಕೆ ಕರೆಯುತ್ತಿದ್ದಾರೆ. ಅಪ್ಪಯ್ಯ ಮಾತ್ರ ಏಳುತ್ತಿಲ್ಲ. ಹೋದ ವರ್ಷದ ಶೀಟ್ ತೆಗಿ, ಅದರಲ್ಲೂ ಚಾಲಿ ಎರಡು ಸಲ ಇತ್ತು ಅನ್ನುತ್ತಿದ್ದಾರೆ.